ಭೂಮಿ ಕರ್ತನದು, ನಾವು ಲಾವಣಿದಾರರು

ಭಾನುವಾರದ ಆರಾಧನೆಯ ಸಂದೇಶ, ಅಕ್ಕಿಆಲೂರು
ವಾಕ್ಯಭಾಗ: ಯಾಜಕಕಾಂಡ 25:23, ರೋಮಾಪುರದವರಿಗೆ 8:19-26

 

ಹೋದ ವಾರ ಪ್ರಾರ್ಥನೆ ಮುಗಿದ ಮೇಲೆ ಒಬ್ಬ ಸಹೋದರರು ಕೇಳಿದ್ರು: "ಪಾಸ್ಟರ್, ಕರ್ತ ಬೇಗ ಬರ್ತಾನ. ಈ ಭೂಮಿ ಹೆಂಗೂ ಬೆಂಕಿಗೆ ಹೋಗೋದು. ಮತ್ತ ಗಿಡ, ಕೆರಿ ಅಂತ ನಾವ್ಯಾಕ ತಲಿ ಕೆಡಿಸ್ಕೋಬೇಕು?" ಪ್ರಿಯರೇ, ನಮ್ಮಲ್ಲಿ ಬಹಳ ಜನರ ಮನಸ್ಸಿನ ಮಾತು ಇದು. ವಾಕ್ಯದಿಂದಲೇ ಉತ್ತರ ನೋಡೋಣ.

ಯಾಜಕಕಾಂಡದಲ್ಲಿ ದೇವರು ಇಸ್ರಾಯೇಲ್ಯರಿಗೆ, ಭೂಮಿ ನಿಮ್ಮದಲ್ಲ, ನನ್ನದು ಅಂತ ಹೇಳ್ತಾರೆ. ನಮ್ಮ ಕಡೆ ಮಾತಲ್ಲಿ ಹೇಳಬೇಕಂದ್ರೆ ನಾವು ಲಾವಣಿದಾರರು. ಲಾವಣಿ ಹಾಕ್ಕೊಂಡವನು ಬೆಳೆ ತಗೋಬಹುದು. ಆದರೆ ಹೊಲದ ಮಣ್ಣು ಮಾರೋ ಹಾಗಿಲ್ಲ, ಬದುವಿನ ಮರ ಕಡಿಯೋ ಹಾಗಿಲ್ಲ. ಒಂದು ದಿನ ಒಡೆಯ ಬಂದು ಹೊಲ ನೋಡ್ತಾನೆ. ಆದಿಕಾಂಡ 1ರಲ್ಲಿ ದೊರೆತನ ಕೊಟ್ಟ ದೇವರೇ 2:15ರಲ್ಲಿ ತೋಟ ಕಾಯುವ ಕೆಲಸವನ್ನೂ ಕೊಟ್ಟರು. ಆಮೆನ್?

ನಮ್ಮ ಹಾನಗಲ್ ತಾಲೂಕಿನ ಕುಸನೂರಿನಲ್ಲಿ ನಡೆದದ್ದನ್ನ ಹಿರಿಯರು ಬಲ್ಲರು. ನಮ್ಮ ಭಾಗದ ಜನ ದನ ಮೇಯಿಸುತ್ತಿದ್ದ, ಸೌದೆ ಆರಿಸುತ್ತಿದ್ದ ಸಾರ್ವಜನಿಕ ಭೂಮಿಯಲ್ಲಿ ಸುಮಾರು 30,000 ಹೆಕ್ಟೇರ್ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿಗೆ ಹೋಗಿತ್ತು, ನೀಲಗಿರಿ ಬೆಳೆಸೋದಕ್ಕೆ. 1987ರ ನವೆಂಬರ್ 14ರಂದು ಸಮಾಜ ಪರಿವರ್ತನ ಸಮುದಾಯದ ಜೊತೆ ಹಳ್ಳಿ ಜನ "ಕಿತ್ತಿಕೋ-ಹಚ್ಚಿಕೋ" ಸತ್ಯಾಗ್ರಹ ಮಾಡಿದ್ರು. ನೀಲಗಿರಿ ಸಸಿ ಕಿತ್ತರು. ಬರೇ ಕಿತ್ತು ಮನೆಗೆ ಹೋಗಲಿಲ್ಲ. ಹಣ್ಣು, ಮೇವು ಕೊಡುವ ಸಸಿ ಹಚ್ಚಿದ್ರು. 1991ರಲ್ಲಿ ಸರ್ಕಾರ ಆ ಕಂಪನಿಯನ್ನೇ ಮುಚ್ಚಲು ತೀರ್ಮಾನಿಸಿತು.

ದೇವಜನರೇ, ಪಶ್ಚಾತ್ತಾಪನೂ ಹಂಗೇ. ಪಾಪ ಕಿತ್ತರೆ ಸಾಲದು, ಒಳ್ಳೇದನ್ನ ಹಚ್ಚಬೇಕು.

ಈಗ ಆ ಸಹೋದರರ ಪ್ರಶ್ನೆಗೆ ಬರೋಣ. ರೋಮಾಪುರ 8ರಲ್ಲಿ ಮೂರು ನರಳಾಟ ಐತಿ. 22ನೇ ವಚನದಲ್ಲಿ ಸೃಷ್ಟಿ ನರಳುತ್ತದೆ. 23ರಲ್ಲಿ ನಾವು ನರಳುತ್ತೇವೆ. 26ರಲ್ಲಿ ಪವಿತ್ರಾತ್ಮನೇ ನರಳುತ್ತಾನೆ! ನಾವು ಅನ್ಯಭಾಷೆಯಲ್ಲಿ ಪ್ರಾರ್ಥಿಸುವಾಗ ನಮ್ಮೊಳಗಿರುವ ಅದೇ ಆತ್ಮ. ಸೃಷ್ಟಿಯೂ ನಾಶದಿಂದ ಬಿಡುಗಡೆ ಆಗ್ತದೆ ಅಂತ 21ನೇ ವಚನ. ಹಾಗಾದ್ರೆ 2 ಪೇತ್ರ 3ರ ಬೆಂಕಿ? ಅಕ್ಕಸಾಲಿಗ ಬಂಗಾರವನ್ನ ಬೆಂಕಿಗೆ ಹಾಕೋದು ಬೂದಿ ಮಾಡೋದಕ್ಕಲ್ಲ, ಶುದ್ಧ ಮಾಡೋದಕ್ಕೆ. ಹಲ್ಲೆಲೂಯ!

ನಾನೂ ಒಪ್ಪಿಕೊಳ್ಳಬೇಕು. ರಕ್ಷಣೆ ಹೊಂದಿದ ಮೇಲೂ ಎಷ್ಟೋ ವರ್ಷ ಎಣ್ಣೆ ಹೊಡೆದ ಪಂಪನ್ನ ಹಳ್ಳದಾಗೆ ತೊಳೆದೆ. ಸ್ವಲ್ಪ ಕೆಳಗೆ ಬೇರೆಯವರ ಎಮ್ಮೆ ಅದೇ ನೀರು ಕುಡಿತಿದ್ದವು. ಭಾನುವಾರ ಕೈಯೆತ್ತಿ ಸ್ತೋತ್ರ, ಸೋಮವಾರ ಅದೇ ಕೈಯಿಂದ ಹಳ್ಳಕ್ಕೆ ವಿಷ. ನೆರೆಯವನನ್ನ ಪ್ರೀತಿಸು ಅನ್ನೋ ಆಜ್ಞೆ ಹಳ್ಳದ ಕೆಳಗಿನವನಿಗೂ ಸೇರ್ತದೆ. ನಿಮ್ಮ ಕೈ ಏನು ಮಾಡ್ತಿದೆ? ಗೋವಿನಜೋಳದ ದಂಟಿಗೆ ಬೆಂಕಿ ಹಚ್ಚುತ್ತದೋ? ಕೆರೆಯಂಗಳವನ್ನ ಒತ್ತುತ್ತದೋ?

ಎಲ್ಲರೂ ಕಣ್ಣು ಮುಚ್ಚಿ. ಕರ್ತನೇ, ನಿನ್ನ ಹೊಲವನ್ನು ನಮ್ಮದೆಂದು ಕೆಡಿಸಿದ್ದೇವೆ, ಕ್ಷಮಿಸು. ನೀನು ಬರುವಾಗ ನಂಬಿಗಸ್ತರಾದ ಲಾವಣಿದಾರರಾಗಿ ಸಿಗುವಂತೆ ನಿನ್ನ ಆತ್ಮನಿಂದ ತುಂಬಿಸು. ಯೇಸುವಿನ ಹೆಸರಿನಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.