ಇಂದಿನ ಧಮ್ಮ ಚಿಂತನೆ: ಹೂ ಇದ್ದಾಗಲೇ ಕುಂಡ ಬದಲಿಸಿದ್ದು



ಇಂದು ಬರೆಯುವ ಸರದಿ ನನ್ನದು. ನಮ್ಮ ಮನೆಯ ಒಂದು ಗಿಡದ ವಿಷಯ ಹೇಳುತ್ತೇನೆ. ನನ್ನದೇ ಒಂದು ತಪ್ಪನ್ನು ನನಗೆ ತೋರಿಸಿಕೊಟ್ಟ ಗಿಡ ಅದು.

ಕಳೆದ ಅಕ್ಟೋಬರ್ 14, ಧಮ್ಮಚಕ್ರ ಪ್ರವರ್ತನ ದಿನ. ಬೆಂಗಳೂರಿನಲ್ಲಿ ನರ್ಸರಿ ಕೆಲಸ ಮಾಡುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಕೈಯಲ್ಲಿ ಒಂದು ಆರ್ಕಿಡ್ ಗಿಡ. ಮಲೆನಾಡಿನವರು ಸೀತಾಳೆ ಎನ್ನುವ ಹೂವಿನ ಬಳಗದ್ದೇ, ಆದರೆ ಇದು ಅಂಗಡಿಯಲ್ಲಿ ಮಾರುವ ಫಲೆನಾಪ್ಸಿಸ್. ಒಂದೇ ದಂಟಿನಲ್ಲಿ ಚಿಟ್ಟೆಗಳು ಸಾಲಾಗಿ ಕೂತ ಹಾಗೆ ಒಂಬತ್ತು ಬಿಳಿ ಹೂ. "ವಾರಕ್ಕೆ ಒಂದ್ಸಲ ನೀರು ಸಾಕು ಮೇಡಂ" ಎಂದು ಹೇಳಿ ಹೋದ. ನಾನು ಅದನ್ನು ಪ್ಲಾಸ್ಟಿಕ್ ಕುಂಡದ ಸಮೇತ ಒಂದು ಚೆಂದದ ಪಿಂಗಾಣಿ ಕುಂಡದೊಳಗೆ ಕೂರಿಸಿ ಬುದ್ಧನ ಮೂರ್ತಿಯ ಪಕ್ಕ ಇಟ್ಟೆ. ಭಾನುವಾರದ ವಂದನೆಗೆ ಬಂದ ನಿಮ್ಮಲ್ಲಿ ಹಲವರು ಅದರ ಫೋಟೊ ತೆಗೆದುಕೊಂಡಿದ್ದಿರಿ.

ವಾರಕ್ಕೊಂದು ಸಲ ಎಂಬ ಮಾತನ್ನು ಪಾಲಿಸಲು ನನ್ನಿಂದ ಆಗಲಿಲ್ಲ. ದಿನವೂ ಬೆಳಿಗ್ಗೆ ಒಂದು ಲೋಟ ನೀರು ಹಾಕಿದೆ. ನಮ್ಮವ್ವ ಸಣ್ಣವಳಿದ್ದಾಗ ಊರ ಬಾವಿಯ ಹತ್ತಿರ ಬಿಂದಿಗೆ ಇಟ್ಟುಕೊಂಡು, ಯಾರಾದರೂ ಸೇದಿ ಮೇಲಿನಿಂದ ಹುಯ್ಯಲಿ ಎಂದು ಕಾಯುತ್ತಿದ್ದಳಂತೆ. ಬಾಬಾಸಾಹೇಬರು ಮಹಾಡ್‌ನ ಚೌಡಾರ್ ಕೆರೆಯ ನೀರು ಕುಡಿದದ್ದು 1927ರ ಮಾರ್ಚ್ 20ರಂದು. ಅವ್ವನ ಕೈಗೆ ಬಾವಿಯ ಹಗ್ಗ ಸಿಗಲು ಅದಾದ ಮೇಲೂ ಎಷ್ಟೋ ವರ್ಷ ಬೇಕಾಯಿತು. ಅಂಥ ಮನೆಯಲ್ಲಿ ಬೆಳೆದವಳಿಗೆ ನೀರು ಹೆಚ್ಚಾಗಿಯೂ ಒಂದು ಜೀವ ಸಾಯಬಹುದು ಎಂದು ಹೊಳೆಯುವುದೇ ಇಲ್ಲ. ನಮಗೆ ನೀರು ಕೊಡುವುದೆಂದರೆ ಪ್ರೀತಿ.

ನವೆಂಬರ್ ಕೊನೆಗೆ ಎಲೆಗಳು ಸುಕ್ಕುಗಟ್ಟಿ ಜೋತುಬಿದ್ದವು. ಬಾಯಾರಿದೆ ಎಂದುಕೊಂಡು ಎರಡು ಲೋಟ ಹಾಕತೊಡಗಿದೆ. ಹೂಗಳು ಮಾತ್ರ ಹಾಗೇ ಇದ್ದವು. ಆಮೇಲೆ ಚರಂಡಿಯಂಥ ವಾಸನೆ ಬಂತು. ಆ ಹುಡುಗನಿಗೆ ವಿಡಿಯೊ ಕಾಲ್ ಮಾಡಿದೆ. "ಒಳಗಿನ ಕುಂಡ ಎತ್ತಿ ನೋಡಿ ಮೇಡಂ" ಎಂದ. ಎತ್ತಿದರೆ ಪಿಂಗಾಣಿ ಕುಂಡದ ತಳಕ್ಕೆ ತೂತೇ ಇಲ್ಲ. ಮೂರು ಬೆರಳು ನೀರು ನಿಂತಿದೆ.

ಅವನು ವಿವರಿಸಿದ. ಈ ಗಿಡ ಕಾಡಿನಲ್ಲಿ ಮಣ್ಣಿನಲ್ಲಿ ಬೆಳೆಯುವುದಲ್ಲ. ಮರದ ತೊಗಟೆ ಹಿಡಿದು, ಗಾಳಿಗೆ ಬೇರು ಬಿಟ್ಟು ಬದುಕುತ್ತದೆ. ಬೇರಿನ ಮೇಲೆ ಸ್ಪಂಜಿನಂಥ ಪದರವಿದೆ. ಮಳೆ ಬಂದಾಗ ನೀರು ಹೀರಿ ಹಸಿರಾಗುತ್ತದೆ, ಒಣಗಿದಾಗ ಬೆಳ್ಳಿ ಬಣ್ಣಕ್ಕೆ ತಿರುಗುತ್ತದೆ. ಸದಾ ನೆನೆದೇ ಇದ್ದರೆ ಗಾಳಿ ಸಿಗದೆ ಕೊಳೆಯುತ್ತದೆ. ಕೊಳೆತ ಬೇರು ನೀರು ಎತ್ತಲಾರದು, ಅದಕ್ಕೇ ಎಲೆ ಬಾಡುತ್ತದೆ. ನೋಡಿದವರು ಬಾಯಾರಿದೆ ಎಂದು ಇನ್ನಷ್ಟು ನೀರು ಹಾಕುತ್ತಾರೆ. ಕೊನೆಗೆ ಗಿಡ ನೀರಿನಲ್ಲೇ ನಿಂತು ಬಾಯಾರಿ ಸಾಯುತ್ತದೆ.

"ಹೂ ಉದುರಲಿ, ಆಮೇಲೆ ಕುಂಡ ಬದಲಿಸ್ತೀನಿ" ಎಂದೆ.

"ಬೇರೆ ಸಮಯದಲ್ಲಾದ್ರೆ ಹಾಗೇ ಮಾಡಬೇಕು ಮೇಡಂ. ಹೂ ಇರುವಾಗ ಬೇರು ಕೆಣಕಬಾರದು. ಆದ್ರೆ ಬೇರು ಕೊಳೀತಾ ಇದ್ರೆ ಕಾಯೋ ಹಾಗಿಲ್ಲ. ಇವತ್ತೇ ತೆಗೀರಿ. ಹೂವಿನ ದಂಟೂ ಕತ್ತರಿಸಿಬಿಡಿ. ಉಳಿದಿರೋ ಶಕ್ತೀನ ಹೂವೇ ಎಳಕೊಳ್ತಾ ಇದೆ."

ಆ ಶನಿವಾರ ಮಗಳು ಹಾಸ್ಟೆಲಿನಿಂದ ಬಂದಿದ್ದಳು. ಎರಡನೇ ಪಿಯು, ವಿಜ್ಞಾನ, ಜೊತೆಗೆ ನೀಟ್ ಕೋಚಿಂಗ್. ಟೆಸ್ಟುಗಳಲ್ಲಿ ಮೊದಲ ಐದರೊಳಗೇ ಇರುತ್ತಿದ್ದಳು. ಈ ಗುಂಪಿನಲ್ಲೇ ನೀವೆಲ್ಲ ಅವಳನ್ನು ಅಭಿನಂದಿಸಿದ್ದೀರಿ. ಬಾಬಾಸಾಹೇಬರು ದಿನಕ್ಕೆ 18 ಗಂಟೆ ಓದುತ್ತಿದ್ದರು ಎಂದು ನಾವು ಮಕ್ಕಳಿಗೆ ಹೇಳುತ್ತೇವಲ್ಲ, ಆ "18" ಅನ್ನು ದೊಡ್ಡದಾಗಿ ಬರೆದು ಅವಳ ಮೇಜಿನ ಎದುರು ಅಂಟಿಸಿದ್ದವಳು ನಾನು. ಅಕ್ಟೋಬರ್‌ನಲ್ಲಿ ಅಂಕ ಸ್ವಲ್ಪ ಇಳಿದಾಗ ರಾತ್ರಿ ಒಂಬತ್ತಕ್ಕೆ ಇನ್ನೊಂದು ಆನ್‌ಲೈನ್ ಟ್ಯೂಷನ್ ಸೇರಿಸಿದ್ದೆ.

ಕುಂಡ ಹಿಡಿದುಕೊಳ್ಳಲು ಅವಳನ್ನೇ ಕರೆದೆ. ಗಿಡ ಎಳೆದಾಗ ಬುಡದ ಪಾಚಿ ಕಪ್ಪಗೆ ಲೋಳೆಯಾಗಿ ಬಂತು. ಬೇರು ಹಿಚುಕಿದರೆ ಸಿಪ್ಪೆ ಜಾರಿ ಬರೀ ನೂಲು ಕೈಯಲ್ಲಿ ಉಳಿಯುತ್ತಿತ್ತು. ಹನ್ನೆರಡರಲ್ಲಿ ಗಟ್ಟಿಯಾಗಿದ್ದವು ನಾಲ್ಕು. ಮಗಳು ಮೆಲ್ಲಗೆ ಕೇಳಿದಳು: "ಅಮ್ಮ, ಮೇಲಿನ ಹೂ ನೋಡಿದ್ರೆ ಯಾರಿಗೂ ಗೊತ್ತಾಗ್ತಾ ಇರಲಿಲ್ಲ ಅಲ್ವಾ?"

ಅವಳ ಕೈ ನೋಡಿದೆ. ಕುಂಡ ಹಿಡಿದ ಕೈ ನಡುಗುತ್ತಿತ್ತು. ಕೂತು ಕೇಳಿದೆ. ಎರಡು ತಿಂಗಳಿಂದ ಮೂರು ಗಂಟೆಗಿಂತ ಹೆಚ್ಚು ನಿದ್ದೆ ಇಲ್ಲ. ಬಚ್ಚಲಲ್ಲಿ ನಲ್ಲಿ ಬಿಟ್ಟು ಅಳುತ್ತಾಳೆ. "ಯಾಕೆ ಹೇಳಲಿಲ್ಲ?" ಎಂದರೆ, "ನೀನು ಎಲ್ಲರಿಗೂ ಹೇಳ್ಕೊಂಡಿದ್ದೀಯಲ್ಲಮ್ಮ" ಎಂದಳು.

ಬಂಧುಗಳೇ, ಕತ್ತರಿಯನ್ನು ಗ್ಯಾಸಿನ ಉರಿಯಲ್ಲಿ ಕಾಯಿಸಿ ಕೊಳೆತ ಬೇರುಗಳನ್ನು ಕತ್ತರಿಸಿದೆ. ದಂಟಿನ ಹತ್ತಿರ ಬಂದಾಗ ಕೈ ಓಡಲಿಲ್ಲ. ಭಾನುವಾರ ಬಂದವರು ಹೂ ಎಲ್ಲಿ ಎಂದರೆ? ಉಪಾದಾನ ಎಂಬ ಮಾತಿಗೆ ಅಂಟಿಕೊಳ್ಳುವುದು ಎಂದು ಎಷ್ಟೋ ಸಲ ಅರ್ಥ ಹೇಳಿದ್ದೇನೆ. ಅದು ನನ್ನ ಕೈಯಲ್ಲೇ ಇದ್ದದ್ದನ್ನು ಅಂದು ಕಂಡೆ. ನಾನು ಅಂಟಿಕೊಂಡಿದ್ದು ಗಿಡಕ್ಕಲ್ಲ, ಹೂವಿರುವ ಮನೆಯವಳು ಎನ್ನಿಸಿಕೊಳ್ಳುವುದಕ್ಕೆ. ಮಗಳ ವಿಷಯದಲ್ಲೂ ಅಷ್ಟೇ.

ಸೋಣ ಎಂಬ ಭಿಕ್ಖುವಿನ ಪ್ರಸಂಗ ನಿಮಗೆ ಗೊತ್ತು. ಶ್ರೀಮಂತರ ಮನೆಯ ಹುಡುಗ. ರಾಜಗೃಹದ ಸೀತವನದಲ್ಲಿ ಕಾಲು ಒಡೆದು ರಕ್ತ ಬರುವ ತನಕ ನಡೆದು ಸಾಧನೆ ಮಾಡಿದ. ಫಲ ಸಿಗದೆ ಮನೆಗೆ ಹೋಗಿಬಿಡಲೇ ಎಂದುಕೊಂಡ. ಭಗವಾನರು ತಾವೇ ಅವನಲ್ಲಿಗೆ ಬಂದು, ನೀನು ವೀಣೆ ನುಡಿಸುತ್ತಿದ್ದವನಲ್ಲವೇ, ತಂತಿ ಬಹಳ ಬಿಗಿಯಾದರೆ ನುಡಿಯುತ್ತದೆಯೇ, ಸಡಿಲವಾದರೆ ನುಡಿಯುತ್ತದೆಯೇ ಎಂದು ಕೇಳಿದರು. ಗಮನಿಸಿ, ಸಾಧನೆ ಬಿಡು ಎನ್ನಲಿಲ್ಲ, ಸೋಮಾರಿ ಎಂದು ಬೈಯಲೂ ಇಲ್ಲ. ಮೊದಲು ಆ ಕಾಲಿನ ರಕ್ತ ನೋಡಿದರು. ಅದೇ ಸೋಣ ಮುಂದೆ ಅರಹಂತನಾದ.

ಬಾಬಾಸಾಹೇಬರ 18 ಗಂಟೆಯನ್ನು ಹೇಳುವ ನಾನು ಅವರ 1917ನ್ನು ಹೇಳುವುದು ಮರೆತಿದ್ದೆ. ಆ ವರ್ಷ ವಿದ್ಯಾರ್ಥಿವೇತನದ ಅವಧಿ ಮುಗಿದು, ಓದನ್ನು ಅರ್ಧಕ್ಕೇ ನಿಲ್ಲಿಸಿ ಅವರು ಲಂಡನ್ನಿನಿಂದ ವಾಪಸ್ ಬರಬೇಕಾಯಿತು. 1920ರಲ್ಲಿ ಮತ್ತೆ ಹೋದರು. 1923ರಲ್ಲಿ ಡಿ.ಎಸ್ಸಿ. ಪದವಿ ಬಂತು. ಅವರನ್ನು ನಿಲ್ಲಿಸಿದ್ದು ಹಣದ ತೊಂದರೆ, ನನ್ನ ಮಗಳದು ಬೇರೆ. ಆದರೂ ನಡುವೆ ನಿಂತ ಓದು ಸತ್ತ ಓದಲ್ಲ ಎಂದು ಅವಳಿಗೆ ಹೇಳಲು ನನಗೆ ಅದು ಸಾಕಾಯಿತು.

ದಂಟು ಕತ್ತರಿಸಿದೆ. ಬೇರಿನ ಗಾಯಕ್ಕೆ ಚಕ್ಕೆ ಪುಡಿ ಹಚ್ಚಿ ಅರ್ಧ ದಿನ ನೆರಳಲ್ಲಿ ಒಣಗಿಸಿದೆ. ತೂತುಗಳಿರುವ ಮಣ್ಣಿನ ಕುಂಡದಲ್ಲಿ ಇದ್ದಿಲು, ಇಟ್ಟಿಗೆ ಚೂರು, ತೆಂಗಿನ ಮಟ್ಟೆಯ ತುಂಡು ಹಾಕಿ ನೆಟ್ಟೆ. ಐದು ದಿನ ನೀರು ಹಾಕದೆ ಇರುವುದೇ ಕಷ್ಟವಾಯಿತು. ಕತ್ತರಿಸಿದ ದಂಟನ್ನು ಲೋಟದ ನೀರಿನಲ್ಲಿ ಬುದ್ಧನ ಮುಂದೆ ಇಟ್ಟೆ. ಹೂವು ಅರ್ಪಿಸುವಾಗ ಇದು ಬಾಡುವಂಥದ್ದು ಎಂದು ನೆನೆಯುತ್ತೇವಲ್ಲ, ಅಂದು ಅದನ್ನು ಅರ್ಥ ತಿಳಿದು ನೆನೆದೆ. ಹನ್ನೆರಡು ದಿನ ಇದ್ದು ಬಾಡಿದವು.

ಮಗಳನ್ನು ವೈದ್ಯರಿಗೆ ತೋರಿಸಿದೆವು. ಹಾಸ್ಟೆಲ್, ಕೋಚಿಂಗ್, ರಾತ್ರಿ ಟ್ಯೂಷನ್ ಬಿಡಿಸಿದೆವು. ಕಟ್ಟಿದ ಫೀಸು ಹೋಯಿತು, ಮನೆಯವರಿಗೆ ಅದರ ಬೇಸರ ಇನ್ನೂ ಇದೆ. ಈಗ ಮನೆಯಿಂದಲೇ ಬಸ್ಸಿನಲ್ಲಿ ಕಾಲೇಜಿಗೆ ಹೋಗಿ ಬರುತ್ತಾಳೆ. ನೀಟ್ ಈ ವರ್ಷವೋ ಮುಂದಿನ ವರ್ಷವೋ, ಬೇಡವೋ, ಅವಳೇ ಹೇಳಲಿ. ರಾತ್ರಿ ಹತ್ತಕ್ಕೆ ಮಲಗುತ್ತಾಳೆ. "18" ಬರೆದ ಹಾಳೆಯನ್ನು ನಾನೇ ಕಿತ್ತೆ.

ಓದು ಕಡಿಮೆ ಮಾಡಿ ಎಂದು ನಾನು ಹೇಳುತ್ತಿಲ್ಲ. ಓದೇ ನಮ್ಮನ್ನು ಇಲ್ಲಿಯವರೆಗೆ ತಂದದ್ದು. ಕುಂಡ ಬದಲಿಸಿದ ಗಿಡಕ್ಕೂ ನೀರು ಬೇಕೇ ಬೇಕು. ಆದರೆ ಎರಡು ನೀರಿನ ನಡುವೆ ಬೇರಿಗೆ ಗಾಳಿಯಾಡಬೇಕು.

ಗಿಡದಲ್ಲಿ ಈಗ ಮೂರೇ ಎಲೆ. ಹೂ ಇಲ್ಲ, ಯಾವಾಗ ಬರುತ್ತದೋ ಗೊತ್ತಿಲ್ಲ. ಹೋದ ವಾರ ಬುಡದಲ್ಲಿ ಹಸಿರು ತುದಿಯ ಒಂದು ಹೊಸ ಬೇರು ಕಂಡಿತು. ಮೊದಲು ನೋಡಿದ್ದು ಮಗಳೇ.

ಇಂದಿನ ಅಭ್ಯಾಸ: ನಿಮ್ಮ ಮನೆಯಲ್ಲಿ ಎಲ್ಲರೂ ಹೊಗಳುತ್ತಿರುವ ಮಗುವಿನ ಹತ್ತಿರ ಇವತ್ತು ಹತ್ತು ನಿಮಿಷ ಕೂತುಕೊಳ್ಳಿ. ಅಂಕ ಕೇಳಬೇಡಿ. ರಾತ್ರಿ ನಿದ್ದೆ ಬರುತ್ತದೆಯೇ ಎಂದು ಕೇಳಿ. ಉತ್ತರ ಬರುವ ತನಕ ಸುಮ್ಮನಿರಿ.

ಎಲ್ಲರಿಗೂ ಮಂಗಳವಾಗಲಿ. ನಮೋ ಬುದ್ಧಾಯ. ಜೈ ಭೀಮ್.