ಹಿಂದಿನ ದೀಪಕ್ಕೆ ಸಾಕ್ಷಿ ಯಾರು?

ಕಾರಿನ ಮುಂದಿನ ದೀಪ ಕೆಟ್ಟರೆ ಓಡಿಸುವವನಿಗೆ ಆ ಕ್ಷಣವೇ ತಿಳಿಯುತ್ತದೆ. ಅವನ ಪಾಲಿನ ರಸ್ತೆಯೇ ಅರ್ಧ ಮಾಯವಾಗುತ್ತದೆ. ಇಂಡಿಕೇಟರಿನ ಬಲ್ಬು ಸುಟ್ಟರೂ ಸಾಮಾನ್ಯವಾಗಿ ತಿಳಿಯುತ್ತದೆ. ಬಹಳಷ್ಟು ಕಾರುಗಳಲ್ಲಿ ಅದರ ಟಿಕ್‌ಟಿಕ್ ಸದ್ದು ಇಮ್ಮಡಿ ವೇಗದಲ್ಲಿ ದೂರು ಹೇಳತೊಡಗುತ್ತದೆ. ಹಿಂದಿನ ಕೆಂಪು ದೀಪ ಕೆಟ್ಟಾಗ ಮಾತ್ರ ಸಾಧಾರಣ ಕಾರಿನೊಳಗೆ ಏನೂ ಆಗುವುದಿಲ್ಲ. ಡ್ಯಾಶ್‌ಬೋರ್ಡಿನ ಹಸಿರು ಗುರುತು ಎಂದಿನಂತೆ ಉರಿಯುತ್ತಿರುತ್ತದೆ. ಅದು ಹೇಳುವುದು ಸ್ವಿಚ್ಚು ಹಾಕಿದೆ ಎಂದಷ್ಟೇ. ದೀಪ ಹತ್ತಿದೆಯೋ ಇಲ್ಲವೋ ಅದಕ್ಕೂ ಗೊತ್ತಿಲ್ಲ. ಓಡಿಸುವವನಿಗೆ ಈ ದೀಪದಿಂದ ದಾರಿ ಕಾಣುವುದಿಲ್ಲ, ಓಡಿಸುತ್ತಿರುವಾಗ ಅವನು ಅದನ್ನು ನೋಡುವುದೂ ಇಲ್ಲ. ಅದು ಇರುವುದೇ ಬೆನ್ನ ಹಿಂದೆ ಬರುವ ಗುರುತಿಲ್ಲದವನಿಗಾಗಿ. ಆದ್ದರಿಂದಲೇ ಕೆಲವೇ ರೂಪಾಯಿ ಬಾಳುವ ಈ ಬಲ್ಬು ಧರ್ಮಚಿಂತನೆಯ ಒಂದು ಹಳೆಯ ಪ್ರಶ್ನೆಯನ್ನು ಎದುರಿಗೆ ತಂದು ನಿಲ್ಲಿಸುತ್ತದೆ. ಒಂದು ಕರ್ತವ್ಯ ನೆರವೇರಿತೇ ಇಲ್ಲವೇ ಎಂಬುದು ಮಾಡುವವನಿಗೆ ಕಾಣದೆ ಇನ್ನೊಬ್ಬನಿಗಷ್ಟೇ ಕಾಣುವಂತಿದ್ದರೆ, ಅಲ್ಲಿ ಮನಸ್ಸು ಶುದ್ಧವಾಗಿದ್ದರೆ ಸಾಕೇ? ಸಾಲದು ಎಂಬುದು ನನ್ನ ವಾದ. ಇಳಿದು ಹಿಂದೆ ಹೋಗಿ ನೋಡುವುದು, ನೋಡಲಾಗದಿದ್ದರೆ ಕೇಳುವುದು, ಕೆಟ್ಟದ್ದಕ್ಕೆ ಸರಿಯಾದುದನ್ನೇ ಹುಡುಕಿ ಹಾಕುವುದು, ಇವೆಲ್ಲ ಆ ಕರ್ತವ್ಯದ ಒಳಗೇ ಸೇರಿವೆ.

ಮೊದಲು ಈ ದೀಪ ಏನು ಹೇಳುತ್ತದೆ ಎಂದು ನೋಡೋಣ. ನಮ್ಮ ಅನೇಕ ಸಣ್ಣ ಕಾರುಗಳ ಹಿಂಬದಿಯಲ್ಲಿರುವುದು ಅಂಗಡಿಯವರು ಡಬಲ್ ಕಾಂಟ್ಯಾಕ್ಟ್ ಎಂದು ಕರೆಯುವ ಬಲ್ಬು. ಡಬ್ಬಿಯ ಮೇಲೆ ಪಿ21/5ಡಬ್ಲ್ಯು ಎಂದಿರುತ್ತದೆ. ಒಂದೇ ಗಾಜಿನೊಳಗೆ ಎರಡು ತಂತಿ. 5 ವ್ಯಾಟಿನದು ರಾತ್ರಿಯಿಡೀ ಉರಿದು ‘ಇಲ್ಲೊಂದು ವಾಹನವಿದೆ’ ಎನ್ನುತ್ತದೆ. 21 ವ್ಯಾಟಿನದು ಬ್ರೇಕು ಒತ್ತಿದಾಗ ಹತ್ತಿ ‘ನಿಧಾನಿಸುತ್ತಿದ್ದೇನೆ’ ಎನ್ನುತ್ತದೆ. ವಿದ್ಯುತ್ತಿನ ಲೆಕ್ಕದಲ್ಲಿ ವ್ಯತ್ಯಾಸ ನಾಲ್ಕು ಪಟ್ಟು, ಬೆಳಕಿನ ಲೆಕ್ಕದಲ್ಲಿ ಹನ್ನೆರಡು ಪಟ್ಟಿಗೂ ಹೆಚ್ಚು: ನಿಗದಿಪಡಿಸಿದ ಪ್ರಮಾಣ 35 ಲ್ಯೂಮೆನ್ ಮತ್ತು 440 ಲ್ಯೂಮೆನ್. ಹಿಂದಿನವನು ಓದುವುದು ಈ ಅಂತರವನ್ನು. ಟಂಗ್‌ಸ್ಟನ್ ತಂತಿ ಉರಿಯುತ್ತ ಉರಿಯುತ್ತ ಆವಿಯಾಗಿ ಸವೆಯುತ್ತದೆ. ಸವೆದ ಜಾಗ ಇನ್ನಷ್ಟು ಕಾಯುತ್ತದೆ, ಒಂದು ದಿನ ಅಲ್ಲೇ ಕಡಿಯುತ್ತದೆ. ಹಾಗೆ ಬಲಬದಿಯ ದೀಪವೊಂದೇ ಹೋಯಿತೆನ್ನಿ. ಕತ್ತಲಲ್ಲಿ ಒಂಟಿ ಕೆಂಪು ಚುಕ್ಕೆ ಕಂಡವನು ಅದನ್ನು ಕಾರೆಂದು ತಿಳಿಯುವುದಿಲ್ಲ. ರಸ್ತೆಯ ಎಡಕ್ಕೆ ಸರಿದು ಹೋಗುತ್ತಿರುವ ಬೈಕು ಎಂದುಕೊಳ್ಳುತ್ತಾನೆ. ಎಡಗಡೆಯ ಸಂಚಾರವಿರುವ ನಮ್ಮಲ್ಲಿ ಹಿಂದಿಕ್ಕುವುದು ಬಲದಿಂದ. ಖಾಲಿ ಎಂದು ಅವನು ನುಗ್ಗುವ ಜಾಗದಲ್ಲೇ ಕಾರಿನ ಉಳಿದರ್ಧ ಇರುತ್ತದೆ. ಎರಡೂ ಆರಿದ್ದರೆ ದೀಪ ಮೌನವಾಗಿರುತ್ತಿತ್ತು. ಒಂದು ಆರಿದಾಗ ಅದು ಸುಳ್ಳು ಹೇಳುತ್ತದೆ. ಬೆಳಕಿನ ಈ ಮಾತು ಎಷ್ಟರಮಟ್ಟಿಗೆ ಜೀವದ ಮಾತು ಎಂಬುದಕ್ಕೆ ಪರೀಕ್ಷೆಯೂ ನಡೆದಿದೆ. 1974ರಲ್ಲಿ ಜಾನ್ ವೊವೊಡ್‌ಸ್ಕಿ ಎಂಬ ಮನಶ್ಶಾಸ್ತ್ರಜ್ಞ ಸ್ಯಾನ್ ಫ್ರಾನ್ಸಿಸ್ಕೋದ ಟ್ಯಾಕ್ಸಿಗಳಿಗೆ ಮೂರನೆಯದೊಂದು ಬ್ರೇಕ್ ದೀಪ ಹಚ್ಚಿ ನೋಡಿದ. ಹಿಂದಿನಿಂದ ಬಂದು ಗುದ್ದುವುದು ಗಣನೀಯವಾಗಿ ಇಳಿಯಿತು. 1986ರ ಮಾದರಿಯಿಂದ ಅಮೆರಿಕದ ಹೊಸ ಕಾರುಗಳಿಗೆ ಆ ದೀಪ ಕಡ್ಡಾಯವಾಯಿತು. ಕಣ್ಣಿಗೆ ರೂಢಿಯಾದಂತೆ ಪರಿಣಾಮ ಕುಗ್ಗಿ ನಾಲ್ಕು ಶೇಕಡದ ಆಸುಪಾಸಿಗೆ ಬಂದು ನಿಂತಿತಾದರೂ ಅಳಿಸಿಹೋಗಲಿಲ್ಲ. ಟ್ಯಾಕ್ಸಿ ಚಾಲಕರ ಸ್ವಭಾವ ತಿದ್ದಿರಲಿಲ್ಲ, ಹಿಂದಿನವರಿಗೆ ತಿಳಿಯುವುದು ಹೆಚ್ಚಿತ್ತು, ಅಷ್ಟೆ.

ಉದ್ದೇಶದ ಶುದ್ಧಿಯನ್ನು ಇಷ್ಟು ಅನುಮಾನದಿಂದ ನೋಡುವುದು ಯಂತ್ರಯುಗದ ಹೊಸ ಖಯಾಲಿಯೇನಲ್ಲ. ಅಹಿಂಸೆಯನ್ನು ಎಲ್ಲಕ್ಕಿಂತ ಮೇಲಿಟ್ಟ ಜೈನರು ಈ ವಿಷಯದಲ್ಲಿ ಎಲ್ಲರಿಗಿಂತ ಕಟ್ಟುನಿಟ್ಟು. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹಿಂಸೆಯ ಲಕ್ಷಣ ಹೇಳುವಾಗ ದ್ವೇಷವನ್ನಾಗಲಿ ಕೊಲ್ಲುವ ಇಚ್ಛೆಯನ್ನಾಗಲಿ ಹೆಸರಿಸುವುದಿಲ್ಲ. ಎಚ್ಚರಗೇಡಿತನದಿಂದ ಜೀವಕ್ಕೆ ಒದಗುವ ಹಾನಿಯೇ ಹಿಂಸೆ ಎನ್ನುತ್ತದೆ. ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ಇನ್ನೂ ಮುಂದಕ್ಕೆ ಹೋಗುತ್ತಾರೆ: ಎದುರಿನ ಜೀವಿ ಸಾಯಲಿ ಬದುಕಲಿ, ಎಚ್ಚರವಿಲ್ಲದೆ ನಡೆದವನಿಗೆ ಹಿಂಸೆಯ ದೋಷ ಖಂಡಿತ, ಎಚ್ಚರದಿಂದ ನಡೆದವನಿಗೆ ಹಾನಿಯೊಂದರಿಂದಲೇ ಬಂಧವಿಲ್ಲ. ಇದು ಬರೀ ತತ್ತ್ವವಾಗಿ ಉಳಿಯಲಿಲ್ಲ, ದಿನಚರಿಯಾಯಿತು. ದಿಗಂಬರ ಮುನಿಯ ಕೈಯ ನವಿಲುಗರಿಯ ಪಿಂಛಿ ಇರುವುದು ಕೂರುವ ಮುನ್ನ ನೆಲವನ್ನು, ಎತ್ತಿಡುವ ಮುನ್ನ ವಸ್ತುವನ್ನು ನೋಡಿ ಸವರಲಿಕ್ಕೆ. ಯಾವ ಮುನಿಗೂ ಇರುವೆಯ ಮೇಲೆ ಕೂರುವ ಉದ್ದೇಶವಿರುವುದಿಲ್ಲ. ಉದ್ದೇಶವಿಲ್ಲದಿರುವುದು ಇರುವೆಯನ್ನು ಉಳಿಸುವುದಿಲ್ಲ ಎಂದು ಅರಿತವರೇ ಆ ಗರಿಯನ್ನು ಕೈಗೆ ಕೊಟ್ಟದ್ದು. ಬಹಳ ಆಮೇಲೆ, 1877ರಲ್ಲಿ, ಇಂಗ್ಲೆಂಡಿನ ಗಣಿತಜ್ಞ ವಿಲಿಯಂ ಕ್ಲಿಫರ್ಡ್ ನಂಬಿಕೆಯ ನೀತಿಯ ಬಗ್ಗೆ ಬರೆಯುತ್ತ ಇದೇ ಜಾಗಕ್ಕೆ ಬಂದ. ಹಳೆಯ ಹಡಗು ಗಟ್ಟಿಯಾಗಿದೆ ಎಂದು ಪ್ರಾಮಾಣಿಕವಾಗಿ ನಂಬಿ, ತಪಾಸಣೆ ಮಾಡಿಸದೆ ಜನರನ್ನು ಹತ್ತಿಸಿ ಕಳಿಸಿದ ಒಡೆಯನ ಉದಾಹರಣೆ ಅವನದು. ಹಡಗು ಸುರಕ್ಷಿತವಾಗಿ ದಡ ಸೇರಿದ್ದರೂ ಒಡೆಯ ತಪ್ಪಿತಸ್ಥನೇ ಎಂದ ಕ್ಲಿಫರ್ಡ್. ‘ಆರು ತಿಂಗಳಿಂದ ಹೀಗೇ ಓಡಿಸುತ್ತಿದ್ದೇನೆ, ಏನೂ ಆಗಿಲ್ಲವಲ್ಲ’ ಎನ್ನುವವರಿಗೆ ಕುಂದಕುಂದರ ಉತ್ತರವೂ ಕ್ಲಿಫರ್ಡ್‌ನ ಉತ್ತರವೂ ಒಂದೇ.

ಇಲ್ಲಿ ಗಟ್ಟಿಯಾದ ಆಕ್ಷೇಪವೊಂದು ನಮ್ಮ ಧರ್ಮಶಾಸ್ತ್ರದೊಳಗಿಂದಲೇ ಬರುತ್ತದೆ. ಮನುಸ್ಮೃತಿಯ ಮೇಲಿರುವ ನ್ಯಾಯವಾದ ತಕರಾರುಗಳು ಹಾಗೇ ಇರಲಿ. ಅದರ ಎಂಟನೆಯ ಅಧ್ಯಾಯದಲ್ಲಿ ಬಂಡಿಯ ಅಪಘಾತಗಳ ಬಗ್ಗೆ ಒಂದು ಕುತೂಹಲಕರ ಭಾಗವಿದೆ. ಹತ್ತು ಸಂದರ್ಭಗಳಲ್ಲಿ ಬಂಡಿಯವನಿಗೆ ದಂಡವಿಲ್ಲ. ಮೂಗುದಾರ ಹರಿದರೆ, ನೊಗ ಮುರಿದರೆ, ಬಂಡಿ ಅಡ್ಡಕ್ಕೋ ಹಿಂದಕ್ಕೋ ತಿರುಗಿದರೆ, ಅಚ್ಚು ಅಥವಾ ಗಾಲಿ ಮುರಿದರೆ, ಕಟ್ಟಿದ ಹಗ್ಗ ಮಿಣಿಗಳು ಕಡಿದರೆ, ಕೊನೆಗೆ ‘ಸರಿಯಿರಿ, ಸರಿಯಿರಿ’ ಎಂದು ಕೂಗುತ್ತ ಬಂದಿದ್ದರೆ. ಯಾಜ್ಞವಲ್ಕ್ಯಸ್ಮೃತಿಯೂ ಇದನ್ನೇ ಸಂಕ್ಷೇಪವಾಗಿ ಹೇಳುತ್ತದೆ. ಅದಕ್ಕೆ ಮಿತಾಕ್ಷರಾ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ಕಲ್ಯಾಣದಲ್ಲಿದ್ದವನು. ಹಗ್ಗ ಕಡಿದದ್ದಕ್ಕೆ ಬಂಡಿಯವನು ಹೊಣೆಯಲ್ಲ ಎಂದಾದರೆ ತಂತಿ ಕಡಿದದ್ದಕ್ಕೆ ಕಾರಿನವನು ಹೇಗೆ ಹೊಣೆ? ಪಟ್ಟಿಯನ್ನು ಇನ್ನೊಮ್ಮೆ ಓದಿದರೆ ಉತ್ತರ ಅಲ್ಲೇ ಇದೆ. ಮೂಗುದಾರವೋ ಅಚ್ಚೋ ಓಡುತ್ತಿರುವಾಗಲೇ ಕಡಿಯುತ್ತದೆ. ಬಂಡಿಯವನಿಗೆ ಆ ಗಳಿಗೆಯೇ ಗೊತ್ತಾಗುತ್ತದೆ, ತಡೆಯಲು ಸಮಯವಿರುವುದಿಲ್ಲ. ಮುರಿದ ಅಚ್ಚಿನ ಬಂಡಿಯನ್ನು ಮರುದಿನವೂ ಕಟ್ಟಿಕೊಂಡು ಹೊರಡಲಾಗುವುದಿಲ್ಲ, ಆರಿದ ದೀಪದ ಕಾರನ್ನು ತಿಂಗಳುಗಟ್ಟಲೆ ಓಡಿಸಬಹುದು. ಇಂದು ರಾತ್ರಿ ದಾರಿಯಲ್ಲಿ ಸುಟ್ಟ ಬಲ್ಬಿಗೆ ಮನುವಿನ ವಿನಾಯಿತಿ ಧಾರಾಳವಾಗಿ ಸಲ್ಲಲಿ. ನಾಳೆ, ನಾಡಿದ್ದು, ಬರುವ ಅಮಾವಾಸ್ಯೆಗೆ ಅದು ಸಲ್ಲುವುದಿಲ್ಲ. ಇನ್ನೂ ಮುಖ್ಯವಾದದ್ದು ಹತ್ತನೆಯ ಸಂದರ್ಭ. ಒಂಬತ್ತು ಕಡೆ ಬಂಡಿಯವನನ್ನು ಬಿಡುವುದು ಅವನ ಕೈಮೀರಿ ನಡೆದ ಸಂಗತಿ. ಅವನು ತಾನಾಗಿ ಮಾಡಿದ ಕೆಲಸವೊಂದು ಅವನನ್ನು ಬಿಡಿಸುವುದು ಕೂಗಿದಾಗ ಮಾತ್ರ. ಗಾಜು ಮುಚ್ಚಿ, ಎಸಿ ಹಾಕಿ, ಎಂಬತ್ತರ ವೇಗದಲ್ಲಿ ಹೋಗುವವನ ಕೂಗು ಹಿಂದಿನವನಿಗೆ ಕೇಳಲಾರದು ಎಂದೇ ಕೆಂಪು ದೀಪ ಬಂದಿದೆ. ದೀಪವಿಲ್ಲದವನು ಕೂಗದೆ ಬಂದವನು. ಅಂದಹಾಗೆ, ಬಂಡಿ ಹೊಡೆಯಲು ಬಾರದವನ ಬಂಡಿ ಹತ್ತಿ ಕೂತವರಿಗೆಲ್ಲ ದಂಡ ಹಾಕಬೇಕೆಂದು ಅದೇ ಭಾಗ ಹೇಳುತ್ತದೆ. ಹಿಂದಿನ ಸೀಟಿನವರೂ ಇದನ್ನು ಗಮನಿಸಬಹುದು.

ಎರಡನೆಯ ಆಕ್ಷೇಪ ಇನ್ನಷ್ಟು ಆಳದ್ದು. ಜ್ಞಾನದ ಸತ್ಯತೆ ಸ್ವತಃ ತಿಳಿಯುತ್ತದೆ, ಹೊರಗಿನ ಆಧಾರ ಅದಕ್ಕೆ ಬೇಡ ಎಂದು ಮೀಮಾಂಸಕರು ವಾದಿಸಿದರು. ನೈಯಾಯಿಕರು ಒಪ್ಪಲಿಲ್ಲ; ಹಿಡಿದ ಕೆಲಸ ಫಲ ಕೊಟ್ಟಾಗಲೇ ಜ್ಞಾನ ಸರಿಯೆಂದು ತಿಳಿಯುವುದು ಎಂದರು. ಉಡುಪಿಯ ಮಧ್ವಾಚಾರ್ಯರು ಸ್ವತಃಪ್ರಾಮಾಣ್ಯವನ್ನು ಎತ್ತಿಹಿಡಿದು, ಅದನ್ನು ಗ್ರಹಿಸುವುದು ಆತ್ಮಸ್ವರೂಪವೇ ಆದ ಸಾಕ್ಷಿ ಎಂದರು. ಒಳಗಿನ ಸಾಕ್ಷಿಯೇ ಕೊನೆಯ ಮಾತಾದರೆ ‘ನನ್ನ ಮನಸ್ಸಾಕ್ಷಿ ಶುದ್ಧವಾಗಿದೆ’ ಎನ್ನುವವನನ್ನು ಕಾರಿನ ಹಿಂದಕ್ಕೆ ಎಳೆದೊಯ್ಯುವುದು ಯಾವ ನ್ಯಾಯ? ಆದರೆ ಈ ಆಕ್ಷೇಪ ಸಾಕ್ಷಿಗೆ ಅದು ಕೇಳದ ಅಧಿಕಾರವನ್ನು ಕೊಡುತ್ತದೆ. ಸುಖ, ದುಃಖ, ತನ್ನೊಳಗೆ ಹುಟ್ಟಿದ ತಿಳಿವು, ಇವು ಸಾಕ್ಷಿಗೆ ನೇರ ಗೋಚರ. ಡಿಕ್ಕಿಯ ಪಕ್ಕದ ಗೂಡಿನಲ್ಲಿ ತಂತಿ ಉರಿಯುತ್ತಿದೆಯೇ ಎಂಬುದು ಕಣ್ಣಿನ ವಿಷಯ, ಅಲ್ಲಿ ದೋಷಕ್ಕೆ ಎಡೆಯಿದೆ. ಜ್ಞಾನ ತಪ್ಪು ಎಂಬುದು ತಿಳಿಯುವುದು ಹೊರಗಿನ ಬಾಧೆಯಿಂದ, ಎಂದರೆ ಅದನ್ನು ಅಲ್ಲಗಳೆಯುವ ಇನ್ನೊಂದು ತಿಳಿವಿನಿಂದ, ಎಂಬುದನ್ನು ಸ್ವತಃಪ್ರಾಮಾಣ್ಯದವರೂ ಒಪ್ಪುತ್ತಾರೆ. ಹಿಂದಿನ ದೀಪದ ತೊಡಕು ಇದೇ: ಬಾಧೆ ಕೊಡಬಲ್ಲವನು ಹಿಂದೆ ಬರುವ ಅಪರಿಚಿತ, ಅವನಿಗೂ ನಮಗೂ ಮಾತುಕತೆಯಿಲ್ಲ. ಬೌದ್ಧ ಸಂಘ ಈ ತೊಡಕನ್ನು ಗುರುತಿಸಿ ಅದಕ್ಕೊಂದು ವಿಧಿಯನ್ನೇ ಕಟ್ಟಿತು. ಮಳೆಗಾಲದ ವರ್ಷಾವಾಸ ಮುಗಿದ ದಿನ ಪ್ರವಾರಣ. ಹಿರಿಯ ಭಿಕ್ಷುವೇ ಮೊದಲು ಕುಕ್ಕರುಗಾಲಲ್ಲಿ ಕುಳಿತು, ಕೈಮುಗಿದು, ನನ್ನಲ್ಲಿ ಕಂಡ, ಕೇಳಿದ ಅಥವಾ ಶಂಕಿಸಿದ ತಪ್ಪಿದ್ದರೆ ಹೇಳಿ ಎಂದು ಸಂಘವನ್ನು ಬೇಡುತ್ತಾನೆ. ಮಿಕ್ಕವರದು ಅವನ ನಂತರ. ತಿಂಗಳುಗಟ್ಟಲೆ ಧ್ಯಾನದಲ್ಲಿ ತನ್ನ ಮನಸ್ಸನ್ನೇ ನೋಡುತ್ತ ಕುಳಿತವರಿಗೂ ಇನ್ನೊಬ್ಬರ ಕಣ್ಣು ಬೇಕೆಂದು ಆ ಪರಂಪರೆ ಭಾವಿಸಿತು. ನಮ್ಮ ರಸ್ತೆಯಲ್ಲೋ, ಸಿಗ್ನಲ್ಲಿನಲ್ಲಿ ಬೈಕಿನವನೊಬ್ಬ ಗಾಜು ತಟ್ಟಿ ‘ಸಾರ್, ಹಿಂದಿನ ಲೈಟಿಲ್ಲ’ ಎಂದರೆ ಅವನನ್ನು ದುರುಗುಟ್ಟಿ ನೋಡುವವರೇ ಹೆಚ್ಚು.

ಇನ್ನೊಂದು ಮಾತು ಎಲ್ಲರ ಬಾಯಲ್ಲೂ ಇದೆ: ಮಂಡ್ಯದಲ್ಲೋ ಬೆಳಗಾವಿಯಲ್ಲೋ ಕಬ್ಬು ಅರೆಯುವ ಕಾಲದಲ್ಲಿ ಒಂದೂ ದೀಪವಿಲ್ಲದೆ ಸಾಲಾಗಿ ಹೋಗುವ ಟ್ರೇಲರುಗಳ ಮುಂದೆ ನನ್ನ ಒಂದು ಬಲ್ಬು ಯಾವ ಲೆಕ್ಕ? ಅವರ ತಪ್ಪು ದೊಡ್ಡದೇ, ಒಪ್ಪೋಣ. ಆದರೆ ದೀಪವಿಲ್ಲದ ಟ್ರೇಲರಿಗೆ ಹೆದರಿದವನೇ ಹಿಂದಿನವನ ಭಯವನ್ನು ಸರಿಯಾಗಿ ಬಲ್ಲವನು. ಅವನಿಗೆ ನೆಪ ಇನ್ನೂ ಕಡಿಮೆ.

ಹಾಗಾದರೆ ಬಲ್ಬು ಬದಲಿಸಿದರೆ ಮುಗಿಯಿತೇ? ಯಾವ ಬಲ್ಬು ಎಂಬುದು ನೀತಿಯ ಪ್ರಶ್ನೆಯಾಗುವುದು ಇಲ್ಲಿ. ಡಬಲ್ ಕಾಂಟ್ಯಾಕ್ಟ್ ಬಲ್ಬಿನ ಬುಡದ ಎರಡು ಮೊಳೆಗಳು ಬೇಕೆಂದೇ ಮೇಲೆ ಕೆಳಗೆ ಇವೆ, ತಿರುಗಿಸಿ ಹಾಕಲು ಬಾರದಂತೆ. ಒತ್ತಾಯದಿಂದ ಉಲ್ಟಾ ಕೂರಿಸಿದರೆ 21 ವ್ಯಾಟಿನ ತಂತಿ ಸದಾ ಉರಿಯುತ್ತದೆ, ಬ್ರೇಕು ಒತ್ತಿದಾಗ ಸೇರುವುದು ಐದೇ ವ್ಯಾಟು. ನಿಲ್ಲಿಸುತ್ತಿಲ್ಲದಾಗ ನಿಲ್ಲಿಸುತ್ತಿದ್ದೇನೆ ಎಂದೂ, ನಿಜವಾಗಿ ನಿಲ್ಲಿಸುವಾಗ ಏನೂ ವಿಶೇಷವಿಲ್ಲ ಎಂದೂ ಅದು ಹೇಳುತ್ತದೆ. ಒಂಟಿ ತಂತಿಯ ಬಲ್ಬನ್ನು ಅಲ್ಲಿ ತುರುಕಿದರೆ ಬ್ರೇಕಿನ ದಾರಿ, ಟೈಲ್ ಲೈಟಿನ ದಾರಿ ಎರಡೂ ಬೆರೆತುಹೋಗಬಹುದು. ಕಾರಣ ತಿಳಿಯದೆ ಬಲ್ಬು ಬದಲಿಸುವುದೂ ವ್ಯರ್ಥ. ಬ್ರೇಕ್ ದೀಪಗಳು ಎಲ್ಲವೂ ಒಟ್ಟಿಗೆ ಹೋಗಿದ್ದರೆ ನೋಡಬೇಕಾದದ್ದು ಫ್ಯೂಸನ್ನು, ಪೆಡಲಿನ ಬಳಿಯ ಸ್ವಿಚ್ಚನ್ನು. ಬ್ರೇಕು ಒತ್ತಿದಾಗ ದೀಪ ಮಂಕಾದರೆ ಸಂಶಯ ಅರ್ಥಿಂಗಿನ ಮೇಲೆ, ತುಕ್ಕು ಹಿಡಿದ ಹೋಲ್ಡರಿನ ಮೇಲೆ. ‘ಏನೋ ಒಂದು ಹಾಕಿದ್ದೇನೆ’ ಎಂಬುದು ದಾನದಲ್ಲಿ ನಡೆದೀತು, ಸಾಕ್ಷ್ಯ ಹೇಳುವಲ್ಲಿ ನಡೆಯದು.

ಯಂತ್ರವೇ ಈ ಹೊಣೆಯನ್ನು ವಹಿಸಿಕೊಳ್ಳುತ್ತಿದೆಯಲ್ಲ ಎನ್ನಬಹುದು. ದುಬಾರಿ ಕಾರುಗಳಲ್ಲಿ ಬಲ್ಬು ಹೋದರೆ ಡ್ಯಾಶ್‌ಬೋರ್ಡಿನಲ್ಲಿ ಸೂಚನೆ ಬರುತ್ತದೆ. ಕಾಣದ್ದನ್ನು ಕಾಣಿಸುವ ಈ ಏರ್ಪಾಡು ಸ್ವಾಗತಾರ್ಹವೇ. ಆದರೆ ಅದು ಅಳೆಯುವುದು ಕರೆಂಟನ್ನು. ಗಾಜಿನ ಮೇಲೆ ಮೆತ್ತಿದ ಕೆಸರಾಗಲಿ, ಒಡೆದ ಕವರಿನಿಂದ ಇಣುಕುವ ಬಿಳಿ ಬೆಳಕಾಗಲಿ ಅದಕ್ಕೆ ತಿಳಿಯುವುದಿಲ್ಲ. ಇನ್ನು ಕೆಲವರು ಮೂಲ ಬಲ್ಬು ತೆಗೆದು, ಆ ಗೂಡಿಗೆಂದು ಮಾಡಿರದ ಎಲ್‌ಇಡಿ ಹಾಕಿಸುತ್ತಾರೆ. ಎಲ್‌ಇಡಿ ಎಳೆಯುವ ಕರೆಂಟು ಕಡಿಮೆ, ಹಾಗಾಗಿ ಕಾರು ದೀಪ ಕೆಟ್ಟಿದೆಯೆಂದು ಎಚ್ಚರಿಸುತ್ತಲೇ ಇರುತ್ತದೆ. ಆ ಎಚ್ಚರಿಕೆಯನ್ನು ಅಡಗಿಸಲು ಜೊತೆಗೆ ಜೋಡಿಸುವ ರೆಸಿಸ್ಟರೂ ಮಾರಾಟಕ್ಕಿದೆ. ಹೆಚ್ಚಿನ ಕರೆಂಟು ಅದರೊಳಗೆ ಹರಿದು ಬಿಸಿಯಾಗಿ ಹೋಗುತ್ತದೆ. ಮುಂದೆ ಆ ಎಲ್‌ಇಡಿ ನಿಜವಾಗಿ ಕೆಟ್ಟರೂ ಕಾರು ಎಲ್ಲ ಸರಿಯಿದೆ ಎಂದುಕೊಳ್ಳುತ್ತದೆ. ತನಗೆ ಗೊತ್ತಿರಲಿಲ್ಲ ಎಂದು ಹೇಳುವ ಅವಕಾಶ ಸಾಧಾರಣ ಕಾರಿನವನಿಗೆ ಕೆಲವು ದಿನಗಳ ಮಟ್ಟಿಗಾದರೂ ಇರುತ್ತದೆ. ದುಡ್ಡು ಕೊಟ್ಟು ಆ ರೆಸಿಸ್ಟರ್ ಹಾಕಿಸಿಕೊಂಡವನಿಗೆ ಅದೂ ಇಲ್ಲ.