ವಿಮಾನದ ಪಂಕ್ತಿಭೇದ

ದೂರದೇಶದಿಂದ ಮೂವರು ಅತಿಥಿಗಳನ್ನು ಒಂದೇ ವಿಚಾರ ಸಂಕಿರಣಕ್ಕೆ ಕರೆದರೆ ಮೂವರಿಗೂ ಒಂದೇ ದರ್ಜೆಯ ವಿಮಾನ ಟಿಕೆಟ್ ಕೊಡಬೇಕೆ? ಮೇಲ್ನೋಟಕ್ಕೆ ಇದು ಅಕೌಂಟ್ಸ್‌ನವರ ತಲೆನೋವು. ಆದರೆ ನಮ್ಮ ವಿಭಾಗ ಬೆಂಗಳೂರಿನಲ್ಲಿ ನಡೆಸಲಿರುವ ಜಾನಪದ ಸಂಕಿರಣಕ್ಕೆ ಟಿಕೆಟ್, ವಸತಿ, ಊಟದ ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. (ಪಿಎಚ್.ಡಿ. ಎಂದರೆ ಅರ್ಧಪಾಲು ಇಂಥದ್ದೇ ಕೆಲಸ ಎಂದು ಸೀನಿಯರ್‌ಗಳು ಮೊದಲೇ ಹೇಳಿದ್ದರು.) ನ್ಯಾಯವೆಂದರೇನು ಎಂದು ನಾನು ಗ್ರಂಥಾಲಯದಲ್ಲಿ ಓದಿದ್ದೆಲ್ಲ ಈಗ ಎಕ್ಸೆಲ್ ಶೀಟಿನ ‘ದರ್ಜೆ’ ಎಂಬ ಒಂದು ಕಾಲಮ್ಮಿಗೆ ಬಂದು ನಿಂತಿದೆ.

ಮೂವರೂ ಸ್ಯಾನ್ ಫ್ರಾನ್ಸಿಸ್ಕೋ ಕಡೆಯವರು. ಒಬ್ಬರು ಪ್ರಧಾನ ಭಾಷಣ ಮಾಡಲಿರುವ, ನಲವತ್ತು ದಾಟಿದ ಹೆಸರಾಂತ ಪ್ರಾಧ್ಯಾಪಕರು. ಇನ್ನೊಬ್ಬರು ನಿವೃತ್ತರಾಗಿ ವರ್ಷಗಳೇ ಕಳೆದ, ಎಪ್ಪತ್ನಾಲ್ಕರ ವಿದ್ವಾಂಸೆ. ಮೂರನೆಯವರು ಇನ್ನೂ ಕಾಯಂ ಕೆಲಸವಿಲ್ಲದ ತರುಣ ಸಂಶೋಧಕ. ಅಲ್ಲಿಂದ ಬೆಂಗಳೂರಿಗೆ ಸುಮಾರು 14,000 ಕಿಲೋಮೀಟರ್. 2021ರಲ್ಲಿ ಈ ಎರಡು ಊರುಗಳ ನಡುವೆ ಮೊದಲ ನೇರ ವಿಮಾನ ಹಾರಿದಾಗ ಹಿಡಿದದ್ದು ಹೆಚ್ಚುಕಡಿಮೆ 17 ಗಂಟೆ. ನಡುವೆ ಇಳಿದು ವಿಮಾನ ಬದಲಿಸಿದರೆ ಇಪ್ಪತ್ತು ಗಂಟೆಗೂ ಮೇಲೆ.

ಅಷ್ಟು ಹೊತ್ತನ್ನು ಎಲ್ಲಿ ಕೂತು ಕಳೆಯುತ್ತೀರಿ ಎನ್ನುವುದು ಸಣ್ಣ ವಿಷಯವಲ್ಲ. ಎಕಾನಮಿಯಲ್ಲಿ ಒಂದು ಸೀಟಿನಿಂದ ಮುಂದಿನ ಸೀಟಿಗೆ 31-32 ಇಂಚು. 1990ರ ದಶಕದ ಆರಂಭದಲ್ಲಿ ಹುಟ್ಟಿಕೊಂಡ ಪ್ರೀಮಿಯಂ ಎಕಾನಮಿಯಲ್ಲಿ 38ರ ಆಸುಪಾಸು. ಬಿಸಿನೆಸ್ ಕ್ಲಾಸಿನಲ್ಲಿ ಈಗ ಸೀಟೇ ಹಾಸಿಗೆಯಾಗುತ್ತದೆ. ನಮಗೆ ಬಂದ ಕೊಟೇಷನ್ ಪ್ರಕಾರ ಪ್ರೀಮಿಯಂ ಎಕಾನಮಿಗೆ ಎಕಾನಮಿಯ ಹತ್ತಿರಹತ್ತಿರ ಎರಡು ಪಟ್ಟು, ಬಿಸಿನೆಸ್‌ಗೆ ಸುಮಾರು ನಾಲ್ಕು ಪಟ್ಟು ದರ. ಮೂವರಿಗೂ ಎಕಾನಮಿ ಎಂದರೆ ಕೈಯಲ್ಲಿ ಒಂದಿಷ್ಟು ಉಳಿಯುತ್ತದೆ. ಒಬ್ಬರಿಗೆ ಬಿಸಿನೆಸ್ ಎಂದರೆ ಉಳಿದ ಇಬ್ಬರಲ್ಲಿ ಒಬ್ಬರನ್ನು ಕರೆಯುವಂತೆಯೇ ಇಲ್ಲ.

ಸಮಿತಿಯಲ್ಲಿ ಎರಡು ದನಿ ಕೇಳಿದವು. ಪ್ರಧಾನ ಭಾಷಣಕಾರರನ್ನು ಎಕಾನಮಿಯಲ್ಲಿ ಕರೆಸಿದರೆ ವಿಭಾಗದ ಮರ್ಯಾದೆಗೆ ಕುಂದು ಎನ್ನುವುದು ಮೊದಲನೆಯದು. ಇದನ್ನು ಬರಿಯ ಓಲೈಕೆ ಎಂದು ತಳ್ಳಿಹಾಕುವಂತಿಲ್ಲ, ಸರ್ಕಾರವೂ ಹಾಗೆಯೇ ಲೆಕ್ಕ ಹಾಕುತ್ತದೆ. ಕೇಂದ್ರ ಸರ್ಕಾರದ 2017ರ ಪ್ರಯಾಣ ಭತ್ಯೆ ನಿಯಮದ ಪ್ರಕಾರ ವಿದೇಶ ಪ್ರಯಾಣಕ್ಕೆ ವೇತನ ಶ್ರೇಣಿ 17 ಮತ್ತು ಮೇಲಿನವರಿಗೆ ಫಸ್ಟ್ ಕ್ಲಾಸ್, 14ರಿಂದ 16ರವರೆಗೆ ಬಿಸಿನೆಸ್, 13 ಮತ್ತು ಕೆಳಗಿನವರಿಗೆ ಎಕಾನಮಿ. ನೀವು ಯಾವ ಕುರ್ಚಿಯಲ್ಲಿ ಕೂರುತ್ತೀರಿ ಎನ್ನುವುದನ್ನು ಈ ನಿಯಮ ಕೇಳುತ್ತದೆ. ಎಷ್ಟು ಹೊತ್ತು ಕೂರಬಲ್ಲಿರಿ ಎಂದು ಕೇಳುವುದಿಲ್ಲ.

ಎರಡನೆಯ ದನಿ ನನ್ನ ಗೈಡ್ ಮೇಡಂ ಅವರದು. “ನೋಡಮ್ಮ, ಪಂಕ್ತಿಭೇದ ಮಾತ್ರ ಬೇಡ. ಎಲ್ಲರಿಗೂ ಎಕಾನಮಿ ಅಂತ ಬರೆದುಬಿಡು.”

ಪಂಕ್ತಿಭೇದ ಎಂಬ ಮಾತು ಬಿದ್ದರೆ ನಮ್ಮಲ್ಲಿ ವಾದ ಅಲ್ಲಿಗೇ ನಿಲ್ಲುತ್ತದೆ, ನಿಲ್ಲಬೇಕಾದದ್ದೇ. ಆದರೆ ಪಂಕ್ತಿಭೇದದಲ್ಲಿ ತಪ್ಪು ಇರುವುದು ಎಲ್ಲಿ? ಎಲೆಗೆ ಬಿದ್ದ ಪದಾರ್ಥ ಬೇರೆಯಾಯಿತು ಎಂಬುದರಲ್ಲೋ, ಬಡಿಸುವವನು ಹಸಿವನ್ನು ಬಿಟ್ಟು ಹುಟ್ಟನ್ನು ನೋಡಿ ಬಡಿಸಿದ ಎಂಬುದರಲ್ಲೋ? ಸಕ್ಕರೆ ಕಾಯಿಲೆಯವರ ಎಲೆಗೆ ಪಾಯಸ ಬಡಿಸದೆ ಮುಂದೆ ಹೋದರೆ ಅದನ್ನು ಯಾರೂ ಪಂಕ್ತಿಭೇದ ಎನ್ನುವುದಿಲ್ಲ. ಎಪ್ಪತ್ನಾಲ್ಕರ ಮೊಣಕಾಲಿಗೂ ಮೂವತ್ತರ ಮೊಣಕಾಲಿಗೂ ಅದೇ 31 ಇಂಚು ಅಳೆದು ಕೊಟ್ಟು ಸಮಾನತೆ ಎಂದು ಕರೆದರೆ, ನಮಗೆ ಯೋಚಿಸುವ ಕೆಲಸ ತಪ್ಪುತ್ತದೆ, ಅಷ್ಟೆ. ಅಮರ್ತ್ಯ ಸೇನ್ 1979ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಕೊಟ್ಟ ಉಪನ್ಯಾಸದ ಪ್ರಶ್ನೆ ‘ಯಾವುದರ ಸಮಾನತೆ?’ ಎಂಬುದು. ಒಂದೇ ವಸ್ತು ಎರಡು ದೇಹಗಳಿಗೆ ಒಂದೇ ಫಲ ಕೊಡುವುದಿಲ್ಲ ಎನ್ನುವುದು ಅಲ್ಲಿನ ಮುಖ್ಯ ಎಳೆಗಳಲ್ಲೊಂದು. ಆ ಉಪನ್ಯಾಸ ನಡೆದ ಊರು ನಮ್ಮ ಅತಿಥಿಗಳು ವಿಮಾನ ಹತ್ತುವ ಜಾಗಕ್ಕೆ ಹತ್ತಿರವೇ ಇದೆ.

ಹಾಗಾದರೆ ದೇಹಕ್ಕೆ ನಿಜವಾಗಿ ಬೇಕಾದದ್ದೇನು? ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿ ಹೇಳುವುದು ಹೀಗೆ: ನಾಲ್ಕು ಗಂಟೆಗಿಂತ ಹೆಚ್ಚು ಅಲುಗಾಡದೆ ಕೂತು ಪ್ರಯಾಣ ಮಾಡಿದರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಸುಮಾರು ಇಮ್ಮಡಿಯಾಗುತ್ತದೆ. ಆರೋಗ್ಯವಂತರಲ್ಲಿ ಅದು ಆರು ಸಾವಿರಕ್ಕೆ ಒಬ್ಬರಷ್ಟು ಚಿಕ್ಕದೇ. ಬಸ್ಸು, ರೈಲು, ಕಾರಿಗೂ ಈ ಮಾತು ಅನ್ವಯಿಸುತ್ತದೆ. ಇದನ್ನು ‘ಎಕಾನಮಿ ಕ್ಲಾಸ್ ಕಾಯಿಲೆ’ ಎಂದು ಕರೆಯುವ ರೂಢಿಯಿದೆ. ಆದರೆ ಅಮೆರಿಕದ ಎದೆರೋಗ ತಜ್ಞರ ಸಂಘ 2012ರಲ್ಲಿ, ದರ್ಜೆಯೇ ಕಾರಣ ಎನ್ನಲು ಖಚಿತ ಪುರಾವೆಯಿಲ್ಲ, ಕಿಟಕಿ ಪಕ್ಕ ಕೂತವರು ಎದ್ದು ಓಡಾಡದಿರುವುದರಿಂದ ಅಪಾಯ ಹೆಚ್ಚುತ್ತದೆ ಎಂದಿತು. ಇದನ್ನು ಓದಿ ನನಗೆ ನಗು ಬಂತು. ಬಿಸಿನೆಸ್ಸೋ ಎಕಾನಮಿಯೋ ಎಂದು ನಾವು ಎರಡು ಮೀಟಿಂಗ್ ಕಳೆದಿದ್ದೆವು. ನಡುದಾರಿಯ ಪಕ್ಕದ ಸೀಟು ಕೊಡಿಸೋಣ ಎಂದು ಯಾರಿಗೂ ಹೊಳೆದಿರಲಿಲ್ಲ.

ಅಂಥ ಇನ್ನೂ ದಾರಿಗಳಿವೆ. ನಡುವೆ ಒಂದೂರಲ್ಲಿ ರಾತ್ರಿ ತಂಗಿ ಪ್ರಯಾಣವನ್ನು ಎರಡಾಗಿ ಮುರಿಯಬಹುದು. ಹೋಟೆಲ್ ಬಾಡಿಗೆ ಸೇರಿಸಿದರೂ ಅದು ಪ್ರೀಮಿಯಂ ದರಕ್ಕಿಂತ ಕಡಿಮೆಯಾಗುವುದುಂಟು. ಮರುದಿನ ಬೆಳಿಗ್ಗೆಯೇ ಭಾಷಣವಿದೆ, ಮಲಗಿಯೇ ಬರಬೇಕು ಎನ್ನುವುದು ಪ್ರಾಧ್ಯಾಪಕರ ವಾದ. ನ್ಯಾಯವಾದ ಮಾತೇ. ಆದರೆ ಅದಕ್ಕೆ ಗೆಸ್ಟ್‌ಹೌಸಿನಲ್ಲಿ ಒಂದು ದಿನ ಮೊದಲೇ ರೂಮು ಕೊಟ್ಟರಾಯಿತು, ಆಕಾಶದಲ್ಲಿ ಹಾಸಿಗೆ ಬೇಕಾಗಿಲ್ಲ. ಆ ಹಾಸಿಗೆಯ ಖರ್ಚು ನಮ್ಮ ಅನುದಾನದಲ್ಲಿ ಮುಗಿಯುವಂಥದ್ದೂ ಅಲ್ಲ. ಹೆಚ್ಚು ಜಾಗ ಹಿಡಿಯುವುದರಿಂದ ದೂರದ ವಿಮಾನದ ಬಿಸಿನೆಸ್ ಪ್ರಯಾಣಿಕರ ಇಂಗಾಲದ ಹೊರೆಯನ್ನು ಬ್ರಿಟನ್ ಸರ್ಕಾರದ ಲೆಕ್ಕ ಎಕಾನಮಿಯವರ ಸುಮಾರು ಮೂರು ಪಟ್ಟು ಎಂದು ಎಣಿಸುತ್ತದೆ.

ಅಗತ್ಯ ನೋಡಿ ಕೊಡಿ ಎಂದು ವಾದಿಸುವುದು ಸುಲಭ. ಅಗತ್ಯವನ್ನು ತಿಳಿಯುವುದು ಹೇಗೆ? ಸಮಿತಿ ಅತಿಥಿಗಳಿಗೆ ಕಳಿಸಿದ ಫಾರಂನಲ್ಲಿ ‘ಆರೋಗ್ಯದ ಕಾರಣಗಳಿದ್ದರೆ ತಿಳಿಸಿ’ ಎಂದೊಂದು ಸಾಲಿತ್ತು. ಹಿರಿಯ ವಿದ್ವಾಂಸೆ ಅದನ್ನು ಖಾಲಿ ಬಿಟ್ಟರು. ಜತೆಗೆ ಒಂದು ಸೌಮ್ಯವಾದ ಪತ್ರ: ನನ್ನ ಕಾಲಿನ ವಿಚಾರ ನನಗೂ ನನ್ನ ಡಾಕ್ಟರಿಗೂ ಸೇರಿದ್ದು, ನೀವು ಕೊಟ್ಟ ಸೀಟಿನಲ್ಲಿ ಬರುತ್ತೇನೆ. ಆ ಪತ್ರವನ್ನು ನಾನು ಹಲವು ಸಲ ಓದಿದ್ದೇನೆ. ಪದವಿ ನೋಡಿ ಕೊಡುವ ಪದ್ಧತಿಯಲ್ಲಿ ಪ್ರಾಧ್ಯಾಪಕರು ಏನನ್ನೂ ಬೇಡಬೇಕಿಲ್ಲ, ತಾನಾಗಿ ಸಿಗುತ್ತದೆ. ಅಗತ್ಯ ನೋಡಿ ಕೊಡುವಾಗ ಮಾತ್ರ ಅಗತ್ಯವಿದ್ದವರು ತಮ್ಮ ಬಲಹೀನತೆಯನ್ನು ಅಪರಿಚಿತರ ಮೇಜಿನ ಮೇಲೆ ಹರಡಬೇಕು. ಹೀಗೆ ಹಿಂಡಿ ತೆಗೆದ ನ್ಯಾಯ ನನಗೆ ಬೇಡ.

ಆದ್ದರಿಂದ ನಾನು ಬರೆದ ಟಿಪ್ಪಣಿಯಲ್ಲಿ ಕೇಳುವ ಪ್ರಶ್ನೆಯೇ ಇಲ್ಲ. ಹತ್ತು ಗಂಟೆ ಮೀರಿದ ಪ್ರಯಾಣ, ಅರವತ್ತೈದು ಮೀರಿದ ವಯಸ್ಸು, ಈ ಎರಡೂ ಇದ್ದವರಿಗೆ ಪ್ರೀಮಿಯಂ ಎಕಾನಮಿ. ಬೇಡವಾದರೆ ಅದೇ ಹಣದಲ್ಲಿ ದಾರಿಯಲ್ಲಿ ತಂಗಬಹುದು. ಉಳಿದವರಿಗೆಲ್ಲ ಎಕಾನಮಿ, ನಡುದಾರಿಯ ಸೀಟು, ಒಂದು ರಾತ್ರಿ ಮೊದಲೇ ರೂಮು. ಈ ನಿಯಮಕ್ಕೆ ಕುರುಡುತನವಿದೆ. ತರುಣ ಸಂಶೋಧಕನಿಗೆ ಬೆನ್ನುನೋವಿದ್ದರೆ ಅದು ಇದರ ಕಣ್ಣಿಗೆ ಬೀಳುವುದಿಲ್ಲ. ಗೊತ್ತಿದ್ದೂ ಒಪ್ಪಿಕೊಂಡಿದ್ದೇನೆ. ತಾವಾಗಿ ಹೇಳಿಕೊಂಡವರಿಗೆ ಇಲ್ಲವೆನ್ನಬಾರದು ಎಂದು ಕೊನೆಗೊಂದು ಸಾಲು ಸೇರಿಸಿದೆ.

ಟಿಪ್ಪಣಿ ಟೈಪ್ ಮಾಡುವಾಗ ಪಟ್ಟಿಯ ಕೆಳಭಾಗ ಕಣ್ಣಿಗೆ ಬಿತ್ತು. ಸಂಕಿರಣದ ಸಂಜೆ ಹಾಡಲು ಬೀದರ್ ಕಡೆಯಿಂದ ನಾಲ್ವರು ಕಲಾವಿದರು ಬರುತ್ತಾರೆ. ಇಬ್ಬರಿಗೆ ಎಪ್ಪತ್ತರ ಮೇಲೆ. ಬೀದರ್‌ನಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹನ್ನೆರಡು ಗಂಟೆಗೂ ಹೆಚ್ಚು. ಅವರ ಸಾಲಿನಲ್ಲಿ ‘ಸಾಮಾನ್ಯ ಬಸ್ ದರ’ ಎಂದಿತ್ತು, ಎರಡು ಮೀಟಿಂಗ್‌ಗಳಲ್ಲಿ ಆ ಸಾಲಿನ ಮಾತೇ ಬಂದಿರಲಿಲ್ಲ. ಗಂಟೆ, ವಯಸ್ಸು ಎರಡೂ ನನ್ನ ನಿಯಮಕ್ಕೆ ಹೊಂದುತ್ತವೆ. ಆ ಸಾಲನ್ನು ಅಳಿಸಿ, ನಾಲ್ವರೂ ಒಟ್ಟಿಗೆ ಬರುವವರಾದ್ದರಿಂದ ನಾಲ್ವರಿಗೂ ‘ಎ.ಸಿ. ಸ್ಲೀಪರ್, ಹೋಗಿ ಬರುವುದಕ್ಕೆ’ ಎಂದು ಬರೆದೆ. ಕಡತ ಹಣಕಾಸು ಅಧಿಕಾರಿಗಳ ಕಚೇರಿಗೆ ಹೋಗಿದೆ. ವಿಮಾನದ ಸಾಲುಗಳಿಗೆ ಒಪ್ಪಿಗೆ ಸಿಕ್ಕಿತು. ಬಸ್ಸಿನ ಸಾಲಿನ ಪಕ್ಕ ಪೆನ್ಸಿಲ್‌ನಲ್ಲಿ ‘ಯಾವ ನಿಯಮದಡಿ?’ ಎಂದು ಬರೆದು ವಾಪಸ್ ಕಳಿಸಿದ್ದಾರೆ. ಉತ್ತರ ಬರೆಯುತ್ತಿದ್ದೇನೆ.